ರುಚಿ ಹೇಳದ ಮನೆ

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರು ಅಡುಗೆಯ ರುಚಿಯನ್ನು ಕುರಿತು ಮಾತನಾಡುವಂತಿರಲಿಲ್ಲ. ಚೆನ್ನಾಗಿಲ್ಲ ಎನ್ನುವುದು ಅಪರಾಧವೆಂಬುದನ್ನು ಅನೇಕ ಮನೆಗಳು ಒಪ್ಪುತ್ತವೆ. ನಮ್ಮಲ್ಲಿ ಚೆನ್ನಾಗಿದೆ ಎನ್ನುವುದೂ ಅಷ್ಟೇ ತಪ್ಪಾಗಿತ್ತು. ಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ; ಪ್ರಸಾದವನ್ನು ತೂಗುವ ತಕ್ಕಡಿ ಭಕ್ತನ ಕೈಯಲ್ಲಿ ಇರಬಾರದು ಎಂಬುದು ನನ್ನ ತಂದೆಯವರ ನಿಯಮ. ಅವರು ಜಂಗಮರು, ಊರಿನ ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಇಂಗ್ಲಿಷನ್ನೂ ಕಲಿಸುತ್ತಿದ್ದವರು. ಊರಿಗೆಲ್ಲ ಗುರೂಜಿ, ನಮಗೆ ಅಪ್ಪಾರು. ಪಡಸಾಲೆಯ ಬಲಕ್ಕೆ ದೇವರ ಕೋಣೆ, ಹಿಂದೆ ಅಡುಗೆಮನೆ, ಎರಡರ ನಡುವಿನ ಓಣಿಯಂಥ ಜಾಗದಲ್ಲಿ ನಮ್ಮ ಊಟದ ಸಾಲು. ಅಪ್ಪಾರ ಹಣೆಯ ವಿಭೂತಿ ಇನ್ನೂ ಆರಿರುತ್ತಿರಲಿಲ್ಲ. ರೊಟ್ಟಿ ಮುರಿಯುವ ಸಪ್ಪಳ, ನೀರು ಕುಡಿಯುವ ಸಪ್ಪಳ. ಇಷ್ಟರ ಹೊರತು ಅಲ್ಲಿ ಬೇರೆ ಶಬ್ದವಿಲ್ಲ. ಒಮ್ಮೆ ಅವ್ವ ಪುಂಡಿಪಲ್ಯಕ್ಕೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅಪ್ಪಾರು ಉಂಡರು, ಅವರ ತಾಯಿ, ಎಂದರೆ ನನ್ನ ಆಯಿ, ಉಂಡಳು, ನಾನೂ ಉಂಡೆ. ಎಲ್ಲರದೂ ಮುಗಿದ ಮೇಲೆ ತಟ್ಟೆ ಹಾಕಿಕೊಂಡು ಕುಳಿತ ಅವ್ವ ಮೊದಲ ತುತ್ತಿಗೇ ಹಣೆ ಬಡಿದುಕೊಂಡಳು.

“ಒಬ್ಬರಾದ್ರೂ ಬಾಯಿ ಬಿಡಬಾರದೇನ್ರಿ? ಎಮ್ಮಿಗೆ ಹಾಕಿದ್ರ ಅದೂ ಮಾರಿ ತಿರುವತಿತ್ತು!”

“ಉಪ್ಪಿಲ್ಲ ಅಂತ ಲಿಂಗಪ್ಪ ಏನರೆ ತಕರಾರು ಮಾಡ್ಯಾನೇನು?” ಎಂದು ಅಪ್ಪಾರು ಕೈ ತೊಳೆದು ಎದ್ದರು.

ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ತನಗೆ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಲೆಕ್ಕವೇ ಮನಸ್ಸಿನಲ್ಲಿ ಹುಟ್ಟಿರುವುದಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಸಿಕ್ಕಿದ್ದರಲ್ಲಿ ತೃಪ್ತಳಾಗಿರುವುದನ್ನು ಆ ಊಟದ ಸಾಲು ನನಗೆ ಕಲಿಸಿತು, ಆ ಪಾಠ ಜೀವನದ ಕಷ್ಟದ ದಿನಗಳಲ್ಲಿ ನನ್ನನ್ನು ಕಾಪಾಡಿದೆ. ಇಂದು ಸೋಲಾಪುರದ ಈ ಮನೆಯಲ್ಲಿ ನನ್ನ ಮೊಮ್ಮಗಳು ತನ್ನ ಫೇವರಿಟ್ ಬಣ್ಣ, ಫೇವರಿಟ್ ಹಣ್ಣು, ಫೇವರಿಟ್ ಗೆಳತಿ ಎಂದು ದಿನವೂ ಪಟ್ಟಿ ಒಪ್ಪಿಸುತ್ತಾಳೆ. ಮರುದಿನ ಆ ಪಟ್ಟಿ ಬದಲಾಗಿರುತ್ತದೆ. ಅವಳ ಮಾತು ಕೇಳುವಾಗ ನನಗೆ ನಗು ಬರುತ್ತದೆ, ಜೊತೆಗೆ ಒಂದು ಬಗೆಯ ಬೆರಗೂ ಆಗುತ್ತದೆ. ಅವಳಿಗೆ ಇಷ್ಟು ಸಲೀಸಾದ ಈ ಮಾತು ನಮ್ಮ ಪಡಸಾಲೆಗೆ ಬರಲು ಎಷ್ಟು ಪ್ರಯಾಸಪಟ್ಟಿತೆಂಬುದನ್ನು ಅವಳಿಗೆ ಹೇಳಬೇಕೆನಿಸುತ್ತದೆ. ಅದು ಬಂದದ್ದು ಇಂಗ್ಲಿಷಿನಲ್ಲಿ, ಎದುರು ಮನೆಯ ಒಬ್ಬ ಉರ್ದು ಹುಡುಗಿಯ ಕೈ ಹಿಡಿದುಕೊಂಡು.

ಎದುರು ಮನೆ ಬಳೆ ಮಾರುವ ಮಹಬೂಬ ಚಾಚಾನದು. ನಮ್ಮ ಓಣಿಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿ ಕಚೇರಿಗಳಲ್ಲಿ ಮರಾಠಿ, ಚಾಚಾನ ಅಂಗಳದಲ್ಲಿ ಉರ್ದು. ಮೂರೂ ಒಂದೇ ನಲ್ಲಿಯ ಬಳಿ ಕೊಡ ತುಂಬಿಸುತ್ತಿದ್ದವು. ಚಾಚಾನ ಹಿರಿಯ ಮಗಳು ಮೆಹರುನ್ನೀಸಾಳನ್ನು ನಾನು ಮೆಹರೂ ಆಪಾ ಎಂದು ಕರೆಯುತ್ತಿದ್ದೆ. ಉರ್ದು ಶಾಲೆಯಲ್ಲಿ ಓದಿ ಮ್ಯಾಟ್ರಿಕ್ ಪಾಸಾಗಿದ್ದ ಅವಳಿಗೆ ನರ್ಸಾಗಬೇಕೆಂಬ ಹಟ. ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿಸುತ್ತಿದ್ದರು. ಅಲ್ಲಿಯ ಮೇಟ್ರನ್, ಎಂದರೆ ನರ್ಸುಗಳ ಮುಖ್ಯಸ್ಥೆ, ಕೇರಳದವರು; ಸೀಟು ಕೊಡುವ ಮೊದಲು ಅವರೂ ಡಾಕ್ಟರರೂ ಕೇಳುವ ಮುಖಾಮುಖಿ ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಗುಲ್ಬರ್ಗಾದ ಕಡೆಯಿಂದ ಅವಳಿಗೆ ಒಂದು ಸಂಬಂಧವೂ ಬಂದಿತ್ತು. ಚಾಚಾ ಮಗಳಿಗೆ ಮಾತು ಕೊಟ್ಟಿದ್ದ: ಈ ವರ್ಷ ಸೀಟು ಸಿಕ್ಕರೆ ಓದು, ಸಿಗದಿದ್ದರೆ ನಿಕಾಹ್. ಅವನು ಕಠಿಣನಲ್ಲ, ಒಳ್ಳೆಯ ಸಂಬಂಧವನ್ನು ವರ್ಷಗಟ್ಟಲೆ ಬಾಗಿಲಲ್ಲಿ ನಿಲ್ಲಿಸಲಾಗದೆಂದು ಬಲ್ಲ ತಂದೆ. ಒಂದು ಸಂಜೆ ನಮ್ಮ ಕಟ್ಟೆಯ ಕೆಳಗೆ ನಿಂತು ಟೋಪಿ ಸರಿಪಡಿಸಿಕೊಳ್ಳುತ್ತ ಕೇಳಿದ.

“ಗುರೂಜಿ, ನಮ್ಮ ಹುಡುಗಿಗೆ ನಾಲ್ಕು ಮಾತು ಅಂಗ್ರೇಜಿ ಹೇಳಿಕೊಡ್ರಿ. ಆಕಿ ನಸೀಬದಾಗ ಇದ್ದದ್ದು ಆಗ್ಲಿ.”

ಮರುದಿನದಿಂದ ಮೆಹರೂ ಆಪಾ ನಮ್ಮ ಪಡಸಾಲೆಗೆ ಬರತೊಡಗಿದಳು. ಆಯಿಯ ಮಡಿ ಅಡುಗೆಮನೆಯ ಹೊಸ್ತಿಲಿನಿಂದ ಒಳಗೆ ಮಾತ್ರ ಎಂದು ಅಪ್ಪಾರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಆಯಿ ಗೊಣಗುತ್ತಲೇ ಪಡಸಾಲೆಯ ಕಂಬಕ್ಕೊರಗಿ ಬತ್ತಿ ಹೊಸೆಯುತ್ತ ಕಾವಲು ಕುಳಿತಳು. ನಾಲ್ಕು ದಿನ ಕಳೆಯುವುದರೊಳಗೆ ಹುಡುಗಿ ಬರುವುದು ತಡವಾದರೆ ಬಾಗಿಲ ಕಡೆ ನೋಡುವವಳೂ ಅವಳೇ ಆದಳು. ಪ್ರಶ್ನೆ ಕೇಳುವ ಮೇಡಮ್ಮಿನ ಪಾತ್ರ ನನಗೆ ಬಂತು. ಆಯಿಯ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಪ್ಪಾರು ಉರು ಹೊಡೆಸಿದ ಪ್ರಶ್ನೆಗಳನ್ನು ನಾನು ಕೇಳುತ್ತಿದ್ದೆ. ಹೆಸರು, ಊರು, ತಂದೆಯ ಉದ್ಯೋಗ, ನರ್ಸಾಗುವ ಕಾರಣ ಇವೆಲ್ಲ ಬೇಗ ಬಂದವು. ತೊಡಕು ಎದ್ದದ್ದು ಇಷ್ಟಗಳ ಮತ್ತು ಹವ್ಯಾಸಗಳ ಪ್ರಶ್ನೆಯಲ್ಲಿ.

ಅಪ್ಪಾರು ಆ ಪ್ರಶ್ನೆಯನ್ನೇ ಅಸಡ್ಡೆಯಿಂದ ನೋಡಿದರು. ರಾಗ ಮತ್ತು ದ್ವೇಷ ಒಂದೇ ಗರ್ಭದಲ್ಲಿ ಹುಟ್ಟಿದ ಅವಳಿಗಳು. ಇದು ನನಗೆ ಪ್ರಿಯ ಎಂದವನು ಅದು ನನಗೆ ಅಪ್ರಿಯ ಎಂದು ಹೇಳಿದಂತೆಯೇ ಆಯಿತು. ರೋಗಿಯ ಸೇವೆಗೆ ಹೋಗುವವಳನ್ನು ಹೀಗೆ ಕೇಳುವುದಾದರೂ ಏಕೆ ಎಂದು ಅವರು ವಾದಿಸಿದರು. ಆಯಿಯ ಪ್ರಕಾರ ಹವ್ಯಾಸವೆಂದರೆ ಇಸ್ಪೀಟು, ಸೆರೆ ಮತ್ತು ತಮಾಷಾ ಕುಣಿತ. ಮೆಹರೂ ಆಪಾಳ ಮನೆಯಲ್ಲಿ ಶೌಕ್ ಎಂಬ ಮಾತು ನವಾಬರಿಗೆ ಸೇರಿದ್ದು, ಬಳೆ ಮಾರುವವರಿಗಲ್ಲ. ಅಲ್ಲದೆ ಹಿರಿಯರು ನಿನಗೇನು ಬೇಕೆಂದು ಕೇಳಿದರೆ, ತಮಗೆ ಯಾವುದು ಪಸಂದೋ ಅದೇ ನನಗೂ ಎಂದು ತಲೆ ತಗ್ಗಿಸುವುದು ಅವಳು ತಾಯಿಯಿಂದ ಕಲಿತ ಅದಬು. ಹೀಗೆ ನಮ್ಮ ಮನೆಯ ವೈರಾಗ್ಯವೂ ಅವಳ ಮನೆಯ ಮರ್ಯಾದೆಯೂ ಕೂಡಿ ಒಂದು ಉತ್ತರವನ್ನು ಸಿದ್ಧಪಡಿಸಿದವು.

“ವಾಟ್ ಫುಡ್ ಡೂ ಯೂ ಲೈಕ್?” ಎಂದು ನಾನು ಕೇಳುವೆ.

“ವಾಟ್ ಯೂ ಲೈಕ್, ಮೇಡಮ್,” ಎಂದು ಅವಳು ಹೇಳುವಳು. ನಿಮಗೆ ಯಾವುದು ಇಷ್ಟವೋ ಅದು.

“ವಾಟ್ ಈಸ್ ಯುವರ್ ಹಾಬಿ?”

“ಮೈ ಡ್ಯೂಟಿ, ಮೇಡಮ್.” ನನ್ನ ಕರ್ತವ್ಯವೇ ನನ್ನ ಹವ್ಯಾಸ.

ಅಪ್ಪಾರ ಮುಖ ಅರಳಿತು. ಎಂ.ಎ. ಓದಿದವರ ಬಾಯಿಂದಲೂ ಇಂಥ ಮಾತು ಬರಲಾರದೆಂದರು. ಅಡುಗೆಮನೆಯ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಮಾತ್ರ ಅದು ಒಪ್ಪಿಗೆಯಾಗಲಿಲ್ಲ.

“ನೀವು ಅಂದದ್ದ ನನಗ ಇಷ್ಟ ಅಂದ್ರ ಆ ಆಸ್ಪತ್ರಿ ಬಾಯಾರು ತಮ್ಮನ್ನ ತಾವ ಆರಿಸಿಕೋತಾರ. ಇಕಿನ್ನ ಯಾಕ ತಗೋತಾರ?”

ಅಪ್ಪಾರು ನಕ್ಕರು, ನಾವೂ ನಕ್ಕೆವು. ಮುಖಾಮುಖಿಗೆ ಹೋಗಿ ಬಂದ ದಿನ ನಗು ಉಳಿಯಲಿಲ್ಲ. ಮೆಹರೂ ಆಪಾ ತಂದೆಯೊಡನೆ ಬಸ್ಸಿಳಿದವಳು ಮನೆಗೂ ಹೋಗದೆ ನೇರವಾಗಿ ನಮ್ಮ ಕಟ್ಟೆ ಹತ್ತಿ ಕುಳಿತು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಮೇಟ್ರನ್ ಮೊದಲು ಮಂದಹಾಸ ಬೀರಿದರಂತೆ, ಆಮೇಲೆ ಅದೇ ಪ್ರಶ್ನೆಯನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದರಂತೆ. ಹಣ್ಣು ಯಾವುದು ಇಷ್ಟ? ನಿಮಗಿಷ್ಟವಾದದ್ದು. ಬಿಡುವಿನಲ್ಲಿ ಏನು ಮಾಡುತ್ತೀ? ಕರ್ತವ್ಯ. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದ ಮಾತನ್ನು, ಮಗಳಿಂದ ಕೇಳಿ ತಿಳಿದಿದ್ದ ಚಾಚಾ ನಮಗೆ ಒಪ್ಪಿಸಿದ.

“ಹುಡುಗಿ ಹುಶಾರ್ ಐತಿ, ಮಾರ್ಕೂ ಅದಾವ, ಆದ್ರ ನಮ್ಮ ಮುಂದ ಯಾರು ಕುಂತಾರಂತ ನಮಗ ತಿಳೀಲಿಲ್ಲ ಅಂದ್ರು, ಗುರೂಜಿ. ಬರೂ ಸೋಮವಾರ ಇನ್ನೊಮ್ಮಿ ಬಾ ಅಂದಾರ. ಅದಾ ಕಡೀದು.”

ಅಪ್ಪಾರು ಕಲಿಸಿದ ಉತ್ತರದಿಂದಲೇ ಹುಡುಗಿಯ ಬಾಳು ಗುಲ್ಬರ್ಗಾದ ಕಡೆಗೆ ವಾಲಿ ನಿಂತಿತ್ತು. ಮರುಸಂಜೆ ಪಾಠಕ್ಕೆ ಕುಳಿತಾಗ ಅವರ ಮುಖದಲ್ಲಿ ನಾನು ಹಿಂದೆಂದೂ ಕಾಣದ ಒಂದು ಸಂಕೋಚವಿತ್ತು. ಮೆಹರೂ ಆಪಾಳ ಕಡೆ ತಿರುಗಿ, ಉತ್ತರವನ್ನು ನಾನು ಹೇಳಿಕೊಡುವುದಿಲ್ಲ, ನಿನಗೆ ನಿಜವಾಗಿ ಯಾವುದು ಇಷ್ಟವೋ ಅದನ್ನು ಹೇಳು, ನಾನು ಇಂಗ್ಲಿಷಿಗೆ ತಿರುಗಿಸುತ್ತೇನೆ ಎಂದರು. ಅವಳು ನೆಲ ನೋಡಿದಳು. ಅವಳಿಗೆ ಧೈರ್ಯ ತುಂಬಲೆಂದು ಅಪ್ಪಾರು ಮೊದಲು ಮನೆಯವರನ್ನೇ ಕೇಳಿದರು. ತಮ್ಮ ತಾಯಿಯನ್ನು ಅಂಥದೊಂದು ಪ್ರಶ್ನೆ ಕೇಳಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

“ಅವ್ವಾ, ನಿನಗ ಏನು ಸೇರತೈತಿ?”

ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ಶೇಂಗಾ ಹೋಳಿಗಿ. ಅಂಚು ಸ್ವಲ್ಪ ಸೀದಿರಬೇಕು. ಇಷ್ಟು ವರ್ಷದಾಗ ಯಾರರೆ ಕೇಳೀರೇನು?”

“ನನಗ ಮಂದ್ರೂಪಕ್ಕ ಹೋಗೂ ಬಸ್ಸಿನಾಗ ಕಿಡಕಿ ಕಡೆ ಕೂಡೂದು ಸೇರತೈತಿ,” ಎಂದಳು ಅವ್ವ, ಕೇಳುವುದಕ್ಕೆ ಮೊದಲೇ. ಮಂದ್ರೂಪ ಅವಳ ತವರು. “ತವರಮನಿಗಿಂತ ಆ ಕಿಡಕೀನ ಹೆಚ್ಚು ಸೇರತೈತಿ, ಖರೇ ಹೇಳಬೇಕಂದ್ರ.”

ನನ್ನ ತಾಯಿಯೊಳಗೆ ಒಂದು ಕಿಟಕಿ ಇದ್ದದ್ದು ನನಗೆ ಗೊತ್ತಿರಲಿಲ್ಲ. ಅಪ್ಪಾರಿಗೂ ಗೊತ್ತಿರಲಿಲ್ಲವೆಂದು ಅವರು ಅವಳತ್ತ ನೋಡಿದ ರೀತಿಯಿಂದ ತಿಳಿಯಿತು. ಬಸ್ಸಿನಲ್ಲಿ ಸದಾ ಕಿಟಕಿಯ ಬಳಿ ಕೂಡುತ್ತಿದ್ದವರು ಅವರೇ. ಇನ್ನು ಮೆಹರೂ ಆಪಾಳ ಸರದಿ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿ, ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

“ಕುಸ್ತಿ.”

ಅವರ ಮಾಳಿಗೆಯಿಂದ ಹಿಂದಿನ ಓಣಿಯ ತಾಲೀಮಿನ ಗರಡಿ ಕಾಣುತ್ತಿತ್ತು. ಅಲ್ಲಿಯ ಕೆಂಪು ಮಣ್ಣಿನಲ್ಲಿ ಹುಡುಗರು ಸಂಜೆಸಂಜೆ ಸೆಣಸುತ್ತಿದ್ದರು. ಬಟ್ಟೆ ಒಣಹಾಕಲು ಹತ್ತಿದವಳು ಗೋಡೆಯ ಮರೆಯಲ್ಲಿ ನಿಂತು ಅದನ್ನು ನೋಡುತ್ತಿದ್ದಳಂತೆ, ಚಿಕ್ಕಂದಿನಿಂದ. ಆಯಿಯ ಕೈಯ ಬತ್ತಿ ನೆಲಕ್ಕೆ ಬಿತ್ತು.

“ಅಯ್ಯ ಹುಡುಗಿ! ಲಂಗೋಟಿ ಮ್ಯಾಲ ಹೊರಳಾಡೂ ಗಂಡಸರನ್ನ ನೋಡ್ತಿ ಏನ?”

“ಲಂಗೋಟಿ ನೋಡಂಗಿಲ್ಲ ಆಯಿ, ಡಾವ್ ನೋಡ್ತೀನಿ. ಯಾರು ಯಾವ ಪಟ್ಟು ಹಾಕ್ತಾರ, ಹೆಂಗ ಬಿಡಿಸ್ಕೋತಾರ, ಅದನ್ನ.”

ಅವ್ವ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಅವಳ ನಗು ಅಡುಗೆಮನೆಯ ಪಾತ್ರೆಗಳ ನಡುವೆ ಕೇಳುತ್ತಿತ್ತು. ಅಪ್ಪಾರು ಕೆಮ್ಮಿದರು. ಇಂಗ್ಲಿಷಿಗೆ ತಿರುಗಿಸುತ್ತೇನೆಂದು ಮಾತು ಕೊಟ್ಟವರು ಈಗ ಹಿಂದೆಗೆದರು. ಹೆಣ್ಣುಮಗಳು, ಅದರಲ್ಲೂ ಬುರ್ಖಾದ ಮನೆಯವಳು, ಅಪರಿಚಿತ ಡಾಕ್ಟರರ ಮುಂದೆ ಈ ಮಾತನ್ನು ಹೇಳುವುದೇ? ಮಗ್ಗಿ ಪುಸ್ತಕದಷ್ಟು ಸವೆದುಹೋದ ಒಂದು ಉತ್ತರವನ್ನು ಅವರು ಹುಡುಕಿ ಕೊಟ್ಟರು: “ಐ ಲೈಕ್ ಗಾರ್ಡನಿಂಗ್” ಎನ್ನು, ತೋಟಗಾರಿಕೆ ಇಷ್ಟವೆಂದು, ಎಲ್ಲರೂ ಅದನ್ನೇ ಹೇಳುತ್ತಾರೆ. ಅವಳು ವಿಧೇಯಳಾಗಿ ಹೇಳಿದಳು. ನಾನು ಮೇಡಮ್ಮಿನ ಗತ್ತಿನಲ್ಲಿ, ನಿನ್ನ ತೋಟದಲ್ಲಿ ಯಾವ ಹೂವಿದೆ ಎಂದು ಕೇಳಿದೆ.

“ಪುದೀನಾ,” ಎಂದಳು. ಅವರ ಮಾಳಿಗೆಯ ಮೇಲಿನ ಎಣ್ಣೆಯ ಡಬ್ಬಿಯಲ್ಲಿದ್ದ ಒಂದೇ ಗಿಡ ಅದು.

ಅಪ್ಪಾರು ಪುಸ್ತಕ ಮುಚ್ಚಿದರು. ವೈರಾಗ್ಯವನ್ನು ಕಲಿಸಲು ಹೋಗಿ ಸೋತಿದ್ದವರು ಸುಳ್ಳನ್ನು ಕಲಿಸುವ ಹೊಸ್ತಿಲಿಗೆ ಬಂದು ನಿಂತಿದ್ದರು. ಅಂದು ಪಾಠ ಅಲ್ಲಿಗೇ ನಿಂತಿತು.

ಮರುದಿನ ಬೆಳಗ್ಗೆ ಪೂಜೆಯ ಹೊತ್ತಿಗೆ ಪತ್ರಿ ಆರಿಸಿ ಕೊಡುವ ಕೆಲಸ ಎಂದಿನಂತೆ ನನ್ನದು. ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕುಳಿತ ಅಪ್ಪಾರು ನೈವೇದ್ಯದ ಬಟ್ಟಲನ್ನು ಎತ್ತಿದವರು ಹಾಗೆಯೇ ತಡೆದರು. ಪೂಜೆಯ ನಡುವೆ ಅವರು ಮಾತನಾಡಿದ್ದನ್ನು ನಾನು ಕೇಳಿದ್ದು ಆ ಒಂದೇ ಬಾರಿ. ನನ್ನೊಡನೆಯೋ ತಮ್ಮೊಡನೆಯೋ ಈಗಲೂ ಹೇಳಲಾರೆ.

“ಬರೇ ಪದಾರ್ಥ ಕೊಡಾಕ ಲಿಂಗಪ್ಪಗ ಹಸಿವಿ ಆಗಿರಂಗಿಲ್ಲ. ಅದರಾಗಿನ ರುಚಿ ಕೊಡಬೇಕು. ರುಚಿ ಯಾವುದಂತ ನಮಗಾ ಗೊತ್ತಿರದಿದ್ರ, ಕೊಟ್ಟದ್ದಾದ್ರೂ ಏನು? ನಾ ಬಾಯಿ ಮುಚ್ಚ್ರಿ ಅಂದೆ. ನೀವು ನಾಲಿಗೀನ ಮುಚ್ಚಿಬಿಟ್ರಿ.”

ಆಮೇಲೆ ಪೂಜೆ ಸಾಂಗವಾಗಿ ನಡೆಯಿತು. ಶಾಸ್ತ್ರಗಳನ್ನು ನಾನು ಮುಂದೆ ಬಹಳ ಓದಿದೆ, ಕಾಲೇಜಿನಲ್ಲಿ ಕಲಿಸಿದೆ. ಅರ್ಪಣೆಯ ತತ್ತ್ವವನ್ನು ವಿವರಿಸುವ ಪ್ರಸಂಗ ಬಂದಾಗಲೆಲ್ಲ ನನ್ನ ಮನಸ್ಸಿಗೆ ಬರುವುದು ಗ್ರಂಥಗಳ ಸಾಲಲ್ಲ, ಬಟ್ಟಲೆತ್ತಿ ತಡೆದ ಆ ಕೈ. ಇಷ್ಟಗಳನ್ನು ಕೊಂದು ಒಯ್ದರೆ ಅದು ಬರಿಗೈಯ ಪೂಜೆ. ಇಷ್ಟವನ್ನು ಅರಿತು, ಅದನ್ನು ಕೆಳಗಿಡಬಲ್ಲವನಾದರೆ ಅದು ಅರ್ಪಣೆ. ಬಾಲ್ಯದಲ್ಲಿ ಈ ಮಾತುಗಳು ನನಗೆ ತಿಳಿದಿರಲಿಲ್ಲ. ಅಪ್ಪಾರ ಮುಖದ ಸಂಕೋಚ ಹೋಗಿ ಅಲ್ಲಿ ಬೆಳಕು ಬಂದದ್ದು ಮಾತ್ರ ಕಂಡಿತ್ತು.

ಅವರು ಅಂದೇ ಚಾಚಾನ ಮನೆಗೆ ಹೊರಟರು, ನನ್ನನ್ನೂ ಕರೆದುಕೊಂಡು. ಮಗಳ ಮನಸ್ಸಿನ ಮಾತು ಹೊರಗಿನವರ ಕಿವಿಗೆ ಬೀಳುವ ಮೊದಲು ತಂದೆಯ ಕಿವಿಗೆ ಬೀಳಬೇಕು, ಅದು ಮರ್ಯಾದೆ ಎಂದರು. ಚಾಚಾ ಬಳೆಗಳನ್ನು ಬಣ್ಣಕ್ಕೊಂದರಂತೆ ದಾರಕ್ಕೆ ಪೋಣಿಸುತ್ತಿದ್ದ. ಒಳಗಿನ ಪರದೆಯ ಹಿಂದೆ ಮೆಹರೂ ಆಪಾಳ ಪಾದಗಳು ಕಾಣುತ್ತಿದ್ದವು. ಅಪ್ಪಾರು ಸುತ್ತುಬಳಸದೆ ಸಂಗತಿಯನ್ನು ಹೇಳಿದರು. ಚಾಚಾನ ಕೈ ನಿಂತಿತು. ಪರದೆಯ ಕೆಳಗಿನ ಪಾದಗಳತ್ತ ತಿರುಗಿ ನೋಡಿದ.

“ನಾಲ್ಕು ಅರಿವಿ ಒಣಹಾಕಾಕ ಸಂಜೀ ಮಗ್ರಿಬ್ ನಮಾಜ್‌ತನಕ ಯಾಕ ಬೇಕಾಗತೈತಿ ಅಂತ ಇವತ್ತು ತಿಳೀತು,” ಎಂದ. ಧ್ವನಿಯಲ್ಲಿ ನಗುವಿತ್ತೋ ಸಿಟ್ಟಿತ್ತೋ ಗೊತ್ತಾಗಲಿಲ್ಲ. “ಗುರೂಜಿ, ಅವರು ನಕ್ಕರ?”

“ನಕ್ಕರ ನಗಲಿ, ಮಹಬೂಬಭಾಯಿ. ಸುಳ್ಳು ಹೇಳಿ ಸೀಟು ತಗೊಳ್ಳಾಕ ನಾ ಕಲಸಂಗಿಲ್ಲ. ಆದ್ರ ನೀವು ಬ್ಯಾಡ ಅಂದ್ರ ಆಕಿ ಹೇಳಂಗಿಲ್ಲ.”

“ನಾ ಬ್ಯಾಡ ಅಂದ್ರ ಆಕಿ ಗುಲ್ಬರ್ಗಾಕ ಹೋಗ್ತಾಳ, ಅಲ್ಲಿ ಮಾಳಿಗಿ ಮ್ಯಾಲ ನಿಲ್ತಾಳ.” ಅವನು ದಾರದ ಗಂಟನ್ನು ಹಲ್ಲಿನಲ್ಲಿ ಬಿಗಿದು ಮಗಳಿಗೆ ಕೇಳುವಂತೆ ಹೇಳಿದ. “ಬೋಲ್, ಬೇಟಿ. ಖರೇ ಇದ್ದದ್ದ ಹೇಳು. ನಿಮ್ಮ ಚಿಗಪ್ಪಗ ಮಾತ್ರ ಹೇಳಬ್ಯಾಡ, ಊರೆಲ್ಲಾ ಸಾರತಾನ.”

ಸೋಮವಾರ ತಂದೆ ಮಗಳು, ಅಪ್ಪಾರು, ನಾನು, ನಾಲ್ವರೂ ಎಸ್‌ಟಿ ಬಸ್ಸಿನಲ್ಲಿ ಸೋಲಾಪುರಕ್ಕೆ ಹೋದೆವು. ಪಡಸಾಲೆಯ ಮೇಡಮ್ಮಿನ ಮುಖ ಕಂಡರೆ ಮೆಹರೂಗೆ ಧೈರ್ಯವಾದೀತೆಂದು ಅವ್ವ ನನ್ನನ್ನೂ ಜೊತೆಗೆ ಕಳಿಸಿದ್ದಳು. ಆಸ್ಪತ್ರೆಯ ಓಣಿಯಂಥ ಮೊಗಸಾಲೆಯಲ್ಲಿ ಫಿನಾಯಿಲಿನ ವಾಸನೆ, ಒಂದು ಉದ್ದ ಬೆಂಚು, ಎದುರಿನ ಕೋಣೆಗೆ ಅರ್ಧ ಪರದೆ. ಅವಳು ಒಳಗೆ ಹೋದಳು. ಒಳಗಿನ ಮಾತೆಲ್ಲ ನಮಗೆ ಕೇಳುತ್ತಿತ್ತು. ಹೆಸರು, ಊರು ಆದವು. ಬಳಿಕ ಮೇಟ್ರನ್ನರ ನಿಧಾನದ ಧ್ವನಿ, ನಿನಗೆ ಏನು ಇಷ್ಟವೆಂದು. ಚಾಚಾನ ತುಟಿಗಳು ಸದ್ದಿಲ್ಲದೆ ಅಲುಗಾಡುತ್ತಿದ್ದವು. ಅಪ್ಪಾರ ಕೈ ಅಂಗಿಯೊಳಗಿನ ಲಿಂಗವನ್ನು ಹಿಡಿದಿತ್ತು. ಆ ಬೆಂಚಿನ ಮೇಲೆ ಎರಡು ಪ್ರಾರ್ಥನೆಗಳ ನಡುವೆ ನಾನು ಕುಳಿತಿದ್ದೆ.

“ಮೇಡಮ್, ಐ ಲೈಕ್ ರೆಸಲಿಂಗ್.”

ಕುರ್ಚಿಯೊಂದು ಕಿರ್ರೆಂದಿತು. ಗಂಡಸಿನ ನಗು ಕೇಳಿತು. ನೀನು ಕುಸ್ತಿ ಹಿಡಿಯುತ್ತೀಯಾ ಎಂದು ಯಾರೋ ಡಾಕ್ಟರು ಕೇಳಿದರು.

“ನೋ ಸರ್. ಐ ಸೀ. ಫ್ರಮ್ ರೂಫ್.” ಇಲ್ಲ, ಮಾಳಿಗೆಯಿಂದ ನೋಡುತ್ತೇನೆ.

“ವೈ?” ಎಂದರು ಮೇಟ್ರನ್. ಏಕೆ?

ಅಪ್ಪಾರು ಬೆಂಚಿನಿಂದ ಅರ್ಧ ಎದ್ದರು. ಏಕೆ ಎಂಬ ಪ್ರಶ್ನೆಯನ್ನು ನಾವು ಅಭ್ಯಾಸ ಮಾಡಿಸಿರಲಿಲ್ಲ. ಏನು ಇಷ್ಟ ಎಂಬುದನ್ನು ಹೊರತರುವುದರಲ್ಲೇ ನಮ್ಮ ವಾರ ಮುಗಿದುಹೋಗಿತ್ತು. ಒಳಗೆ ಅವಳು ಒಂದೊಂದೇ ಇಂಗ್ಲಿಷ್ ಪದವನ್ನು ಕತ್ತಲಲ್ಲಿ ತಡವಿದವಳಂತೆ ಹುಡುಕಿ ಹುಡುಕಿ ಇಟ್ಟಳು.

“ಒನ್ ಮ್ಯಾನ್ ಫಾಲ್. ಅದರ್ ಮ್ಯಾನ್ ಗಿವ್ ಹ್ಯಾಂಡ್. ದೆನ್ ಬೋತ್ ಪುಟ್ ಮಡ್ ಹಿಯರ್. ಐ ವೇಟ್ ಫಾರ್ ದಟ್.”

ಒಬ್ಬ ಬೀಳುತ್ತಾನೆ. ಇನ್ನೊಬ್ಬ ಕೈ ಕೊಡುತ್ತಾನೆ. ಆಮೇಲೆ ಇಬ್ಬರೂ ಮಣ್ಣನ್ನು ಇಲ್ಲಿಗೆ ಹಚ್ಚಿಕೊಳ್ಳುತ್ತಾರೆ. ಹಣೆ ಮುಟ್ಟಿ ತೋರಿಸಿದಳೆಂದು ಆಮೇಲೆ ತಿಳಿಯಿತು. ಅದಕ್ಕಾಗಿ ನಾನು ಕಾಯುತ್ತೇನೆ.

ಒಳಗೆ ಈಗ ಯಾರೂ ನಗಲಿಲ್ಲ. ಹಾಸ್ಟೆಲಿನಲ್ಲಿ ಇರಬಲ್ಲೆಯಾ, ರಾತ್ರಿ ಪಾಳಿ ಮಾಡಬಲ್ಲೆಯಾ ಎಂಬ ಸಾದಾ ಪ್ರಶ್ನೆಗಳು ನಡೆದವು. ಹೊರಗೆ ಚಾಚಾ ಅಪ್ಪಾರ ಮೊಣಕೈ ಹಿಡಿದುಕೊಂಡಿದ್ದ. ಮಗಳ ಇಂಗ್ಲಿಷಿನ ಅರ್ಥವನ್ನು ಅಪ್ಪಾರು ಅವನ ಕಿವಿಯಲ್ಲಿ ಹೇಳಿದಾಗ ಅವನು ರುಮಾಲಿನಿಂದ ಕಣ್ಣೊರಸಿಕೊಂಡ.

“ಅದನ್ನ ನೋಡಾಕ ಹತ್ತುತಿದ್ದಳೇನ್ರಿ ಮಾಳಿಗಿ? ಒಮ್ಮಿ ಕೇಳಿದ್ರ ಮುಗೀತಿತ್ತಲ್ರಿ, ಗುರೂಜಿ.”

ಅವಳು ಹೊರಬಂದಳು. ಬರುವ ತಿಂಗಳು ಹಾಸಿಗೆ, ಟ್ರಂಕು ತೆಗೆದುಕೊಂಡು ಬರಬೇಕೆಂದು ಹೇಳಿದ್ದರು. ಇದನ್ನು ಹೇಳಿ ಅವಳು ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ನಮ್ಮ ಅಪ್ಪಾರ ಕಾಲು ಮುಟ್ಟಲು ಬಾಗಿದಳು. ಬ್ಯಾಡ ಬ್ಯಾಡ ಎನ್ನುತ್ತಲೇ ಅಪ್ಪಾರು ಅವಳ ತಲೆಯ ಮೇಲೆ ಕೈಯಿಟ್ಟರು. ತಂದೆ ಮಗಳು ಟ್ರಂಕು ನೋಡಲು ಪೇಟೆಗೆ ಹೊರಟರು. ನಾವಿಬ್ಬರೂ ಬಸ್ ಸ್ಟ್ಯಾಂಡಿಗೆ ಬಂದೆವು.

ಸ್ಟ್ಯಾಂಡಿನ ಹೊರಗೆ ಒಬ್ಬ ಮುದುಕಿ ಪೇರಲ ಹಣ್ಣು ಮಾರುತ್ತಿದ್ದಳು. ಅಪ್ಪಾರು ಎರಡು ಕೊಂಡರು, ಒಂದು ಹಳದಿಯಾಗಿ ಮೆತ್ತಗಾದ ಹಣ್ಣು, ಒಂದು ಹಸಿರು ಬಿಡದ ಗಟ್ಟಿ ಕಾಯಿ. ಯಾವುದನ್ನು ಕೊಟ್ಟರೂ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಎರಡನ್ನೂ ಎರಡು ಅಂಗೈಗಳಲ್ಲಿಟ್ಟು ನನ್ನ ಮುಂದೆ ಹಿಡಿದರು.

“ಯಾವುದು ಬೇಕು?”

ನಾನು ಅವರ ಮುಖ ನೋಡಿದೆ. ಅವರು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಬಸ್ಸುಗಳು ಬಂದವು, ಹೋದವು. ಎರಡನ್ನೂ ಬೆರಳಿನಿಂದ ಒತ್ತಿ ನೋಡಿದೆ, ಪರೀಕ್ಷೆಗೆ ಕುಳಿತವಳಂತೆ.

“ಕಾಯಿ. ನನಗ ಗಟ್ಟಿ ಕಾಯಿ ಸೇರತೈತ್ರಿ, ಅಪ್ಪಾರ.”

ಅವರು ಕಾಯಿಯನ್ನು ನನಗೆ ಕೊಟ್ಟು ಹಣ್ಣನ್ನು ತಾವಿಟ್ಟುಕೊಂಡರು. ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಬಳಿ ಕೂಡಿಸಿ, ಕಣ್ಣು ಮುಚ್ಚಿ ಅರ್ಪಿಸಿಕೊಂಡು, ನಿಧಾನವಾಗಿ ಹಣ್ಣನ್ನು ತಿಂದು ಮುಗಿಸಿದರು. ಊರು ಹಿಂದೆ ಬಿದ್ದು ಜೋಳದ ಹೊಲಗಳು ಆರಂಭವಾದ ಮೇಲೆ ಹೊರಗೆ ನೋಡುತ್ತಲೇ ಹೇಳಿದರು.

“ನನಗೂ ಕಾಯೇ ಸೇರತೈತಿ.”

ನನ್ನ ಕೈಯಲ್ಲಿ ಅರ್ಧ ಉಳಿದಿತ್ತು. ನಾಚಿಕೆಯಿಂದ ಅದನ್ನು ಅವರ ಮುಂದೆ ಹಿಡಿದೆ.

“ಬ್ಯಾಡ,” ಎಂದರು. “ನೀ ಬೇಕಂದು ತಗೊಂಡದ್ದು ಅದು. ಪೂರಾ ತಿನ್ನು.”